ಅರೆಡಾಕ್ಟ್ರ ಕೊಟ್ಟಿಗೆಯ ಕುರುಡು ಕರುಗಳು

ನನ್ನ ಭಾವನಿಗೆ ಬಡಾವಣೆಯ ಜನ 'ಅರೆಡಾಕ್ಟ್ರು' ಎಂದು ಹೆಸರಿಟ್ಟದ್ದು ಹೊಗಳುವುದಕ್ಕಲ್ಲ. ಅದು ಹೊಗಳಿಕೆಯಲ್ಲ ಎಂಬುದು ಇವತ್ತಿಗೂ ಗೊತ್ತಿಲ್ಲದವರು ಒಬ್ಬರೇ, ಅವರು ನನ್ನ ಭಾವ. ಯಾರಾದರೂ ಹಾಗೆ ಕರೆದರೆ ಮುಖ ಅರಳುತ್ತದೆ, ಕತ್ತು ಒಂದಿಷ್ಟು ಉದ್ದವಾಗುತ್ತದೆ. 'ಅರೆ' ಎಂಬ ಭಾಗವನ್ನು ಅವರ ಕಿವಿ ತಾನಾಗಿಯೇ ಸೋಸಿ ಆಚೆಗೆ ಚೆಲ್ಲಿಬಿಡುತ್ತದೆ.

ಅವರು ಓದಿದ್ದು ಬಾಟಲಿಯ ಮೇಲಿನ ಚೀಟಿಗಳನ್ನು. ದನಗಳ ಔಷಧಿ ಮಾರುವ ಒಂದು ಕಂಪನಿಯ ಚೀಲ ಹೆಗಲಿಗೇರಿಸಿಕೊಂಡು ಅಂಗಡಿಯಿಂದ ಅಂಗಡಿಗೆ ಅಲೆಯುವುದು ಅವರ ಕೆಲಸವಾಗಿತ್ತು. ಆ ಅಲೆದಾಟದಲ್ಲಿ ನೂರಾರು ರೋಗಗಳ ಹೆಸರು ಬಾಯಿಪಾಠವಾಯಿತು. ರೋಗದ ಹೆಸರು ಗೊತ್ತಿದ್ದರೆ ರೋಗವೇ ಗೊತ್ತಿದ್ದಂತೆ ಎಂದು ಅವರು ತೀರ್ಮಾನಿಸಿಬಿಟ್ಟರು. ಕಂಪನಿ ಅವರನ್ನು ಮನೆಗೆ ಕಳಿಸಿದ ಮೇಲೆ, ಪೇಟೆ ಮುಗಿದು ಹೊಲಗಳು ಶುರುವಾಗುವ ಕಡೆ ಇರುವ ತಮ್ಮ ಮನೆಯ ಹಿಂದೆ ಒಂದು ಕೊಟ್ಟಿಗೆ ಕಟ್ಟಿಸಿದರು. ಕಟ್ಟಿಸಿದರು ಎಂದರೆ ಹೇಗೆ ಕಟ್ಟಬೇಕೆಂದು ಕೈ ತೋರಿಸಿದರು. ಹಸುಗಳಿಗೆ ಹುಲ್ಲು ಹಾಕುವುದು, ಸಗಣಿ ಬಾಚುವುದು, ಹಾಲು ಕರೆಯುವುದು, ಕರೆದದ್ದನ್ನು ಡೇರಿಗೆ ಹೊರುವುದು ಎಲ್ಲ ನನ್ನ ಅಕ್ಕನ ಪಾಲು. ಭಾವನ ಪಾಲಿಗೆ ಬಂದದ್ದು ಕೊಟ್ಟಿಗೆಯ ಬಾಗಿಲಲ್ಲಿ ಹಾಕಿದ ಒಂದು ಪ್ಲಾಸ್ಟಿಕ್ ಕುರ್ಚಿ. ಅದರ ಮೇಲೆ ಕೂತು ಅವರು ಉಸ್ತುವಾರಿ ನೋಡುತ್ತಿದ್ದರು.

ನಾನು ಅಕ್ಕನ ತಮ್ಮ. ಅದೇ ರಸ್ತೆಯಲ್ಲಿ ಹಿಂಡಿ, ಬೂಸಾ ಮಾರುವ ಅಂಗಡಿ ಇಟ್ಟುಕೊಂಡಿದ್ದೇನೆ. ಭಾವನ ಬಗ್ಗೆ ನಾನು ಹೇಳುವುದರಲ್ಲಿ ಪ್ರೀತಿ ಕಡಿಮೆ ಕಂಡರೆ ಅದಕ್ಕೆ ಕಾರಣವಿದೆ. ಅದೂ ಮುಂದೆ ಬರುತ್ತದೆ.

ಭಾವನ ಬದುಕಿನ ದೊಡ್ಡ ಸಾಧನೆ ಅವರ ಹೋರಿ. ಒಂದು ದನಗಳ ಪ್ರದರ್ಶನದಿಂದ ಅದನ್ನು ಎಳೆಗರುವಾಗಿದ್ದಾಗಲೇ ಕೊಂಡು ತಂದರು. ಕೊರಳಲ್ಲಿ ನೀಲಿ ರಿಬ್ಬನ್ ಇತ್ತು. ಆ ರಿಬ್ಬನನ್ನು ಪ್ರದರ್ಶನಕ್ಕೆ ಬಂದ ಎಲ್ಲ ದನಗಳಿಗೂ ಬಾಗಿಲಲ್ಲೇ ಕಟ್ಟಿ ಒಳಗೆ ಬಿಡುತ್ತಿದ್ದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಭಾವ ಮಾತ್ರ ಅದನ್ನು ಮನೆಯ ಗಾಜಿನ ಕಪಾಟಿನಲ್ಲಿಟ್ಟು, ಬಂದವರಿಗೆಲ್ಲ "ಬಹುಮಾನ" ಎಂದು ತೋರಿಸುತ್ತಿದ್ದರು. ಹೋರಿಗೆ 'ಸಾಹೇಬ' ಎಂದು ಹೆಸರಿಟ್ಟರು.

ಸಾಹೇಬ ನೋಡಲು ಚೆಂದವಿತ್ತು, ಅದನ್ನು ಇಲ್ಲವೆನ್ನುವುದಿಲ್ಲ. ಕಪ್ಪು ಮೈ, ಎಣ್ಣೆ ಸವರಿದಂಥ ಹೊಳಪು, ತುಂಬಿದ ಭುಜ. ಸುತ್ತಮುತ್ತಲಿನವರು ತಮ್ಮ ಹಸು ಬೆದೆಗೆ ಬಂದಾಗ ಅದರ ಹತ್ತಿರವೇ ಹೊಡೆದುಕೊಂಡು ಬರತೊಡಗಿದರು. ಮೊದಲ ವರ್ಷಗಳಲ್ಲಿ ಹುಟ್ಟಿದ ಕರುಗಳೆಲ್ಲ ಗಟ್ಟಿಮುಟ್ಟಾಗಿದ್ದವು. ಪ್ರತಿ ಕರುವನ್ನೂ ಭಾವ ಹೋಗಿ ನೋಡಿ, "ಮುಖ ನೋಡಿ, ಸಾಹೇಬನ ಅಚ್ಚು!" ಎನ್ನುತ್ತಿದ್ದರು. ಕೆಂದಗರುವಿನ ಮುಂದೆ ನಿಂತೂ ಹಾಗೇ ಎನ್ನುತ್ತಿದ್ದರು.

ಆ ಕರುಗಳಲ್ಲಿ ಹೆಣ್ಣುಗಳು ಬೆಳೆದು ಕಡಸಾದವು. ಸ್ವಂತ ಕೊಟ್ಟಿಗೆಯ ಕಡಸುಗಳು ಬೆದೆಗೆ ಬಂದಾಗ ಭಾವ ಅವನ್ನೂ ಸಾಹೇಬನ ಬಳಿಗೇ ಬಿಟ್ಟರು. ಅಕ್ಕ ಆವತ್ತೇ ಕೇಳಿದ್ದಳು.

"ರೀ, ಇದು ಅದರ ಮಗಳಲ್ವಾ?"

"ದನಕ್ಕೆ ಯಾವ ಅಪ್ಪ, ಯಾವ ಮಗಳು ಕಣೆ? ಒಳ್ಳೇ ರಕ್ತಕ್ಕೆ ಅದೇ ರಕ್ತ ಸೇರಿದ್ರೆ ಇನ್ನೂ ಗಟ್ಟಿಯಾಗುತ್ತೆ. ನಿನ್ನ ಡಿಕಾಕ್ಷನ್ ಇದ್ದಹಾಗೆ."

ಅಕ್ಕ ಸಗಣಿ ಬಾಚಲು ಹೋದಳು. ಭಾವ ಕುರ್ಚಿಯ ಮೇಲೆ ಕೂತು ಒಂದು ವಿಷಯ ತೀರ್ಮಾನಿಸಿದ ಮೇಲೆ ಸುಮ್ಮನಾಗುವುದು ಅವಳಿಗೆ ಅಭ್ಯಾಸವಾಗಿ ಹೋಗಿತ್ತು.

ಮೊದಲ ಕುರುಡು ಕರು ಹುಟ್ಟಿದ್ದು ಆ ಕಡಸಿನ ಹೊಟ್ಟೆಯಲ್ಲಿ. ತಾಯಿ ನೆಕ್ಕಿ ಒಣಗಿಸಿದ ಮೇಲೆ ಅದು ಎದ್ದು ನಿಂತಿತು. ಕೆಚ್ಚಲು ಹುಡುಕುತ್ತ ಹೋಗಿ ಗೋಡೆಗೆ ಮೂತಿ ಇಟ್ಟಿತು. ಹೊಸ ಕರು ಹಾಗೆ ತಡಕುವುದು ಸಹಜವೇ. ಆದರೆ ಸಂಜೆಯಾದರೂ ಅದು ಕಂಬವನ್ನೇ ಚೀಪುತ್ತಿತ್ತು, ಬಕೆಟ್ಟಿಗೆ ಕಾಲು ಹಾಕಿ ಮುಗ್ಗರಿಸುತ್ತಿತ್ತು. ಅಕ್ಕ ಅದರ ಮುಖದ ಮುಂದೆ ಕೈ ಆಡಿಸಿದಳು. ರೆಪ್ಪೆ ಮಿಟುಕಲಿಲ್ಲ. ಬಾಗಿಲ ಬೆಳಕಿಗೆ ತಂದು ನೋಡಿದಾಗ ಎರಡೂ ಕಣ್ಣಿನ ಪಾಪೆಯೊಳಗೆ ಹಾಲಿನ ಹನಿ ಬಿದ್ದು ಹೆಪ್ಪುಗಟ್ಟಿದಂತೆ ಬಿಳಿ ಚುಕ್ಕೆ.

"ರೀ, ಇದಕ್ಕೆ ಕಣ್ಣು ಕಾಣಲ್ಲ."

"ಕಣ್ಣಿದೆಯಲ್ಲ! ಎರಡೂ ಇದೆ."

"ಇದೆ. ಕಾಣಲ್ಲ."

"ಇನ್ನೂ ತೆರೆದಿಲ್ಲ, ಅಷ್ಟೇ. ನಾಯಿಮರಿ ಕಣ್ಣು ಬಿಡೋಕೆ ಎಷ್ಟು ದಿನ ತಗೊಳ್ಳುತ್ತೆ ಗೊತ್ತಾ ನಿನಗೆ?"

"ಇದು ನಾಯಿಮರಿ ಅಲ್ಲ ಕಣ್ರೀ."

ಭಾವ ಕೆಲವು ದಿನ ಕಾದರು. ನಂತರ, ಕರು ಸೋಂಬೇರಿ, ನೋಡುವ ಶ್ರಮ ತೆಗೆದುಕೊಳ್ಳುತ್ತಿಲ್ಲ ಎಂದರು. ಅದೂ ನಡೆಯದಿದ್ದಾಗ ಕಾರಣ ಹುಡುಕಲು ಹೊರಟರು. ಕೊಟ್ಟಿಗೆಯ ಒಳಗೆ ಬಿಟ್ಟು ಉಳಿದೆಲ್ಲ ಕಡೆ ಹುಡುಕಿದರು.

ಮೊದಲು ಸಿಕ್ಕಿಬಿದ್ದವನು ಎದುರಿನ ವೆಲ್ಡಿಂಗ್ ಅಂಗಡಿಯವನು. ಅವನ ಅಂಗಡಿಯ ಕಿಡಿಯ ಬೆಳಕೇ ಕರುವಿನ ಕಣ್ಣು ಸುಟ್ಟಿದೆ ಎಂದು ಭಾವ ನಡುರಸ್ತೆಯಲ್ಲಿ ನಿಂತು ಸಾರಿದರು. ಅವನು ತಾಳ್ಮೆಯ ಮನುಷ್ಯ. ಕಪ್ಪು ಕನ್ನಡಕವನ್ನು ಹಣೆಗೇರಿಸಿ ಹೊರಗೆ ಬಂದ.

"ಅಣ್ಣಾ, ಆ ಬೆಳಕಿನ ಮುಂದೆ ದಿನಾ ಕೂತಿರೋನು ನಾನು. ನನ್ನ ಮಕ್ಕಳೆಲ್ಲ ಕಣ್ಣು ಬಿಟ್ಕೊಂಡೇ ಹುಟ್ಟಿದ್ದಾವೆ. ನಿಮ್ಮ ಹಸು ಇರೋದು ಮನೆ ಹಿಂದೆ. ಅದರ ಹೊಟ್ಟೆಯೊಳಗಿರೋ ಕರುಗೆ ನನ್ನ ಬೆಳಕು ಹೇಗೆ ಕಾಣಬೇಕು?"

"ಕಾಣದೇ ಇರೋದೇ ತೊಂದರೆ ಅಂತ ತಾನೇ ನಾನು ಬಾಯಿ ಬಡ್ಕೊಳ್ತಿರೋದು!" ಎಂದರು ಭಾವ. ವಾದದಲ್ಲಿ ಗೆದ್ದೆನೆಂಬ ಖುಷಿಯಲ್ಲಿ ಮನೆಗೆ ಬಂದರು. ವೆಲ್ಡಿಂಗಿನವನು ತುಂಬ ಹೊತ್ತು ಅಲ್ಲೇ ನಿಂತು, ಆ ಮಾತಿಗೆ ಅರ್ಥವೇನಿರಬಹುದೆಂದು ಯೋಚಿಸಿದ.

ಎರಡನೆಯ ಕರುವೂ ಹಾಗೆಯೇ ಹುಟ್ಟಿತು. ಬೇರೆ ತಾಯಿ. ಆದರೆ ಅವಳೂ ಸಾಹೇಬನ ಮಗಳೇ. ಈ ಸಲ ಅಕ್ಕ ಯಾರನ್ನೂ ಕೇಳದೆ ಪಶು ಆಸ್ಪತ್ರೆಗೆ ಫೋನ್ ಮಾಡಿದಳು. ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದರು. ಹೊಸದಾಗಿ ಬಂದವರು, ಚಿಕ್ಕ ವಯಸ್ಸು, ಮೊಣಕಾಲುದ್ದದ ರಬ್ಬರ್ ಬೂಟು. ಭಾವನಿಗೆ ಅಷ್ಟು ಸಾಕಾಯಿತು.

"ನೋಡಮ್ಮ, ನಾನು ಈ ಲೈನಲ್ಲಿ ನೀನು ಹುಟ್ಟೋ ಮುಂಚೆಯಿಂದ ಇದ್ದೀನಿ," ಎಂದು ಕುರ್ಚಿಯಿಂದ ಏಳದೆಯೇ ಸ್ವಾಗತ ಮಾಡಿದರು.

ಡಾಕ್ಟರಮ್ಮ ಎರಡೂ ಕರುಗಳ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು. ನಡೆಸಿ ನೋಡಿದರು. ತಾಯಂದಿರನ್ನು ಮುಟ್ಟಿ ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿ ಹೇಳಿದರು.

"ಹೀಗಾಗೋಕೆ ಒಂದೇ ಕಾರಣ ಅಂತಿಲ್ಲಮ್ಮ. ಗಬ್ಬದ ಹಸುಗೆ ತಿಂಗಳುಗಟ್ಟಲೆ ಹಸಿಮೇವಿಲ್ಲದೆ ಬರೀ ಒಣಹುಲ್ಲೇ ಹಾಕಿದ್ರೆ ಎ ವಿಟಮಿನ್ ಕಡಿಮೆಯಾಗಿ ಕರು ಕುರುಡಾಗಿ ಹುಟ್ಟಬಹುದು. ಆದರೆ ಆಗ ಸಾಮಾನ್ಯವಾಗಿ ಕಣ್ಣು ಹೊರಗಿಂದ ತಿಳಿಯಾಗೇ ಇರುತ್ತೆ, ಹಿಂದಿನ ನರ ಹಾಳಾಗಿರುತ್ತೆ. ಇಲ್ಲಿ ಪೊರೆ ಇದೆ. ಗಬ್ಬದಲ್ಲಿ ತಾಯಿಗೆ ಕೆಲವು ವೈರಸ್ ತಗುಲಿದ್ರೂ ಕರು ಕಣ್ಣಲ್ಲಿ ಪೊರೆ ಬರಬಹುದು. ಅಂಥ ಕರುಗಳು ಎಷ್ಟೋ ಸಲ ನಿಲ್ಲೋಕೂ ತೂರಾಡ್ತವೆ. ಇವು ಕಾಲು ಗಟ್ಟಿಯಾಗೇ ಊರ್ತಿವೆ. ಇನ್ನು ಉಳಿದದ್ದು ವಂಶ. ಇವೆರಡರ ಅಪ್ಪ ಯಾರು?"

ಅಕ್ಕ ಸಾಹೇಬನ ಕಡೆ ಕೈ ತೋರಿಸಿದಳು.

"ತಾಯಂದಿರ ಅಪ್ಪ?"

ಅಕ್ಕನ ಕೈ ಅಲ್ಲೇ ಇತ್ತು, ಇಳಿಸಲಿಲ್ಲ.

ಭಾವ ಕುರ್ಚಿಯಿಂದ ಎದ್ದರು. "ಏನಮ್ಮ ನೀನು ಹೇಳ್ತಿರೋದು? ಅದು ಬಹುಮಾನದ ಹೋರಿ! ಅದರ ಕಣ್ಣು ನೋಡು, ಅರ್ಧ ಮೈಲಿ ಆಚೆ ಹಸು ಬಂದ್ರೆ ಇಲ್ಲಿಂದಲೇ ಗೊತ್ತಾಗುತ್ತೆ ಅದಕ್ಕೆ."

"ಅದಕ್ಕೆ ಕಂಡ್ರೂ ದೋಷ ಒಳಗೆ ಇರಬಹುದು ಯಜಮಾನ್ರೇ. ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು, ಎರಡೂ ಸೇರಿದಾಗಲೇ ಅದು ಹೊರಗೆ ಕಾಣೋದು. ಬೇರೆ ಹಸುಗಳಲ್ಲಿ ಅದರ ಕರು ಚೆನ್ನಾಗೇ ಹುಟ್ಟಿರುತ್ತೆ. ಮಗಳಿಗೇ ಕೊಟ್ಟಾಗ ಹೀಗಾಗಬಹುದು. ಆದರೆ ನಾನು ಈಗಲೇ ಖಚಿತವಾಗಿ ಹೇಳಲ್ಲ. ರಕ್ತ, ಮೇವು ಎರಡನ್ನೂ ಪರೀಕ್ಷೆಗೆ ಕಳಿಸ್ತೀನಿ. ಮೇವಿನ ದೋಷವೂ ಇರಬಹುದು. ಯಾವುದಕ್ಕೂ ಇರಲಿ ಅಂತ ಗಬ್ಬದ ಹಸುಗಳಿಗೆ ವಿಟಮಿನ್ ಚುಚ್ಚಿ ಹೋಗ್ತೀನಿ."

ಇಷ್ಟು ಮಾತಿನಲ್ಲಿ ನನ್ನ ಭಾವ ಕೇಳಿಸಿಕೊಂಡದ್ದು ಒಂದೇ: ಮೇವಿನ ದೋಷ. 'ಇರಬಹುದು' ಎಂಬುದು ಅವರ ಕಿವಿ ದಾಟಿ ಬರುವಷ್ಟರಲ್ಲಿ 'ಹೌದು' ಆಗಿತ್ತು. ಡಾಕ್ಟರಮ್ಮನ ಸ್ಕೂಟರ್ ರಸ್ತೆ ತಿರುಗುವ ಮೊದಲೇ ಅವರು ನನ್ನ ಅಂಗಡಿಯ ಮುಂದೆ ಬಂದು ನಿಂತಿದ್ದರು.

"ನೋಡಯ್ಯ, ಭಾಮೈದ ಅಂತ ನಾನು ಸುಮ್ಮನಿರೋನಲ್ಲ. ನಿನ್ನ ಹಿಂಡೀಲಿ ವಿಷ ಇದೆ. ಡಾಕ್ಟ್ರೇ ಹೇಳಿ ಹೋದ್ರು."

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಒಬ್ಬಾಕೆ ತಕ್ಕಡಿಯ ಮೇಲಿದ್ದ ಚೀಲವನ್ನು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು, ಅದೇನೋ ಚೀಲದೊಳಗಿಂದ ನೆಗೆದು ಅವಳ ಕಣ್ಣನ್ನೇ ಕೀಳುತ್ತದೆ ಎಂಬಂತೆ. ಆವತ್ತಿನಿಂದ ನನ್ನ ವ್ಯಾಪಾರ ಕುಸಿಯಿತು. ಅರ್ಧ ಬಡಾವಣೆ ಇನ್ನೊಂದು ಬೀದಿಯ ಅಂಗಡಿಗೆ ಹೋಗತೊಡಗಿತು. ಆ ಅಂಗಡಿಯವನಿಗೂ ನನಗೂ ಹಿಂಡಿ ಬರುವುದು ಒಂದೇ ಗಿರಣಿಯಿಂದ, ಒಂದೇ ಲಾರಿಯಲ್ಲಿ. ಅದನ್ನು ಹೇಳಿದರೆ ಯಾರೂ ಕೇಳಲಿಲ್ಲ. ಇಷ್ಟೆಲ್ಲ ಮಾಡಿ ಭಾವ ತಮ್ಮ ಸಾಹೇಬನಿಗೆ ಮಾತ್ರ ನನ್ನ ಅಂಗಡಿಯ ಹಿಂಡಿಯನ್ನೇ ತರಿಸುತ್ತಿದ್ದರು. "ಹೋರಿ ಕರು ಹಾಕಲ್ವಲ್ಲಯ್ಯ, ಅದಕ್ಕೇನಾಗುತ್ತೆ?" ಎನ್ನುತ್ತಿದ್ದರು.

ಪರೀಕ್ಷೆಯ ಫಲಿತಾಂಶ ಬಂತು. ರಕ್ತದಲ್ಲಿ ಸೋಂಕಿನ ಸುಳಿವಿಲ್ಲ. ಮೇವಿನಲ್ಲಿ ಯಾವ ದೋಷವೂ ಇಲ್ಲ. ವಿಟಮಿನ್ ಚುಚ್ಚಿಸಿಕೊಂಡ ಹಸುಗಳಲ್ಲಿ ಒಂದು, ಅದೂ ಸಾಹೇಬನ ಮಗಳೇ, ಕರು ಹಾಕಿತು. ಅದಕ್ಕೂ ಅದೇ ಬಿಳಿ ಚುಕ್ಕೆ. ಡಾಕ್ಟರಮ್ಮ ಬಂದು ನೋಡಿ ಅಕ್ಕನಿಗೆ, "ಮೇವೂ ಇರಬಹುದು ಅಂತ ನಾನು ಅಂದಿದ್ದಕ್ಕೆ ಇಲ್ಲಿ ಎಷ್ಟು ರಾಮಾಯಣ ಆಯ್ತು ಅಂತ ಗೊತ್ತಾಯ್ತು. ಈಗ ಹೇಳ್ತೀನಿ ಕೇಳಿ. ಆ ಹೋರಿನ ಅದರ ಮಕ್ಕಳ ಹತ್ರ ಬಿಡಬೇಡಿ. ನನ್ನ ಕೇಳಿದ್ರೆ ಬೀಜ ಒಡೆಸಿಬಿಡಿ," ಎಂದರು.

ಆ ಕೊನೆಯ ಮಾತು ಕೇಳಿ ಭಾವ ಎಷ್ಟು ಕಿರುಚಿದರೆಂದರೆ, ಒಡೆಸುವುದು ಹೋರಿಯದೋ ಅವರದೋ ಎಂದು ರಸ್ತೆಯ ಜನಕ್ಕೆ ಅನುಮಾನ ಬಂದಿರಬೇಕು.

ಒಂದು ಮಧ್ಯಾಹ್ನ ಅಕ್ಕ ಮಲಗಿದ್ದಾಗ ನಾನು ಬೂಸಾದ ಮೂಟೆ ಇಳಿಸಲು ಹಿಂಬದಿಯಿಂದ ಹೋದೆ. ಭಾವ ಒಬ್ಬರೇ ಕೊಟ್ಟಿಗೆಯಲ್ಲಿದ್ದರು. ಮೂರನೆಯ ಕರುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಹೆಗಲ ಟವೆಲನ್ನು ಅದರ ಕಣ್ಣ ಮುಂದೆ ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದರು. ಕರು ಟವೆಲ್ಲನ್ನು ನೋಡಲಿಲ್ಲ. ಗಾಳಿ ಬಂದ ಕಡೆ ಮೂಗು ಚಾಚಿ ಅವರ ಬೆರಳು ಚೀಪತೊಡಗಿತು. ಅವರು ಕೈ ಎಳೆದುಕೊಳ್ಳದೆ ಹಾಗೇ ಕೂತಿದ್ದರು. ಒಂದು ಗಳಿಗೆ ನನಗೆ ಅವರ ಮೇಲೆ ಅಯ್ಯೋ ಎನಿಸಿತು. ಅಷ್ಟರಲ್ಲಿ ನನ್ನನ್ನು ಕಂಡು ಎದ್ದು, ಟವೆಲ್ ಕೊಡವಿ, "ನೊಣ ಓಡಿಸ್ತಿದ್ದೆ," ಎಂದರು. ಅಯ್ಯೋ ಎನಿಸಿದ್ದು ಅಲ್ಲಿಗೇ ಹೋಯಿತು.

ಸತ್ಯ ಗೊತ್ತಾದ ಮೇಲೆ ಬೇರೆಯವರು ಸುಮ್ಮನಾಗುತ್ತಾರೆ. ಭಾವ ಔಷಧಿ ಕಂಡುಹಿಡಿದರು. ಕ್ಯಾರೆಟ್ಟನ್ನು ಬೇಯಿಸಿ, ಅರೆದು, ತಮ್ಮ ಹಳೆಯ ಚೀಲದ ತಳದಲ್ಲಿ ಉಳಿದಿದ್ದ ಯಾವುದೋ ಪುಡಿ ಬೆರೆಸಿ, ಹಳೆಯ ಬಾಟಲಿಗಳಿಗೆ ತುಂಬಿದರು. ಬೇಯಿಸಿದ್ದು, ಅರೆದದ್ದು ಅಕ್ಕ. ತುಂಬಿ ಮುಚ್ಚಳ ಹಾಕಿದ್ದು ಅವರು. ಗಬ್ಬದ ಹಸುಗಳಿಗೆಲ್ಲ ಅದನ್ನು ಕುಡಿಸಿದರು. ಕೆಲವು ವಾರ ಕೊಟ್ಟಿಗೆಗೆ ಕಾಲಿಟ್ಟರೆ ತರಕಾರಿ ಅಂಗಡಿಗೆ ಹೊಕ್ಕಂತಾಗುತ್ತಿತ್ತು. ಸಗಣಿಯ ಬಣ್ಣವೂ ಬದಲಾಯಿತು. ಅದನ್ನು ಭಾವ ಗುಣದ ಲಕ್ಷಣ ಎಂದರು.

ಆ ದಿನಗಳಲ್ಲಿಯೇ ದೂರದ ಪೇಟೆಯಲ್ಲಿ ಇನ್ನೊಂದು ದನಗಳ ಪ್ರದರ್ಶನ ಬಂತು. ಭಾವ ಬಟ್ಟೆಗೆ ಇಸ್ತ್ರಿ ಹಾಕಿಸಿಕೊಂಡು ಹೊರಟರು. ಹೊರಡುವಾಗ, "ಆ ಬಿಳಿ ಹಣೆಯ ಕಡಸು ಬೆದೆಗೆ ಬರೋ ಹಾಗಿದೆ. ಬಂದ್ರೆ ಸಾಹೇಬನ ಹತ್ರ ಬಿಡು," ಎಂದು ಹೇಳಿ ಬಸ್ಸು ಹತ್ತಿದರು.

ಮಾರನೆಯ ಬೆಳಿಗ್ಗೆ ಅಕ್ಕ ನನ್ನನ್ನು ಕರೆಸಿದಳು. ಕೊಟ್ಟಿಗೆಯಲ್ಲಿ ಬಿಳಿ ಹಣೆಯ ಕಡಸು ಕೂಗುತ್ತಿತ್ತು. ಬಾಗಿಲಲ್ಲಿ ಒಂದು ಮೋಟಾರ್ ಸೈಕಲ್ಲು, ಅದರ ಹಿಂದೆ ತಣ್ಣನೆಯ ಹೊಗೆಯಾಡುವ ಕ್ಯಾನು, ಪಕ್ಕದಲ್ಲಿ ಮೊಣಕೈವರೆಗೆ ಪ್ಲಾಸ್ಟಿಕ್ ಗವಸು ಏರಿಸುತ್ತಿದ್ದ ಆಸ್ಪತ್ರೆಯ ಇಂಜೆಕ್ಷನ್ನಿನವನು.

"ಹಗ್ಗ ಹಿಡ್ಕೊ," ಎಂದಳು ಅಕ್ಕ.

"ಭಾವಂಗೆ ಗೊತ್ತಾದ್ರೆ?"

"ಗೊತ್ತಾಗೋ ಹಾಗಿದ್ದಿದ್ರೆ ಇಷ್ಟು ಹೊತ್ತಿಗೆ ಎಷ್ಟೋ ವಿಷಯ ಗೊತ್ತಾಗಿರ್ತಿತ್ತು ಅವರಿಗೆ. ಹಿಡ್ಕೊಳೋ."

ನಾನು ಹಗ್ಗ ಹಿಡಿದೆ. ಎಲ್ಲಿಯದೋ, ನಾವು ಯಾರೂ ಕಾಣದ ಬೇರೆ ವಂಶದ ಒಂದು ಹೋರಿಯ ಬೀಜ ಆ ಕಡಸಿಗೆ ಸೇರಿತು. ಭಾವ ಪ್ರದರ್ಶನದಿಂದ ಬಂದು, "ಆಯ್ತಾ?" ಎಂದು ಕೇಳಿದರು. ಅಕ್ಕ ಪಾತ್ರೆ ತೊಳೆಯುತ್ತ, "ಆಯ್ತು," ಎಂದಳು. ಅವಳು ಆಡಿದ್ದು ನಿಜವೇ.

ಕಡಸು ತಿಂಗಳು ತುಂಬಿ ಕರು ಹಾಕಿತು. ಹೆಣ್ಣು. ಹುಟ್ಟಿದ ಸ್ವಲ್ಪ ಹೊತ್ತಿಗೆ ಎದ್ದು, ನೆಟ್ಟಗೆ ತಾಯಿಯ ಕೆಚ್ಚಲಿಗೆ ಹೋಗಿ ಬಾಯಿಟ್ಟಿತು. ಅಕ್ಕ ಕೈ ಆಡಿಸಿದರೆ ತಲೆ ಹಿಂದಕ್ಕೆ ಎಳೆದುಕೊಂಡಿತು. ಕರಿದ್ರಾಕ್ಷಿಯಂಥ ಕಣ್ಣು. ಅಕ್ಕ ಅಲ್ಲೇ ಹುಲ್ಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಡಾಕ್ಟರಮ್ಮನಿಗೆ ಫೋನ್ ಮಾಡಿದಾಗ ಅವರು, "ಖುಷಿ ಆಯ್ತಮ್ಮ. ಆದರೆ ಒಂದು ಕರುನ ನೋಡಿ ಎಲ್ಲ ತಿಳೀತು ಅನ್ನೋ ಹಾಗಿಲ್ಲ. ಸಾಹೇಬನ ಮಕ್ಕಳಿಗೂ ಸಾಹೇಬನಿಂದಲೇ ಎಷ್ಟೋ ಕರು ಚೆನ್ನಾಗಿಯೂ ಹುಟ್ಟುತ್ತವೆ," ಎಂದರು. ಓದಿದವರು ಹೀಗೆ ಅಳೆದೂ ತೂಗಿ ಮಾತಾಡುತ್ತಾರೆ. ನನ್ನ ಭಾವನಿಗೆ ಅಂಥ ತಕ್ಕಡಿಯ ಕಾಟವಿರಲಿಲ್ಲ.

"ಗೆದ್ದೆ!" ಎಂದು ಅವರು ಬೀದಿಗೆ ಬಂದರು. "ಸಾಹೇಬನ ರಕ್ತದಲ್ಲಿ ದೋಷ ಅಂದ್ರಲ್ಲ, ಬಂದು ನೋಡಿ! ನನ್ನ ಔಷಧಿ ಕುಡಿಸಿದೆ, ಕಣ್ಣು ಬಂತು!"

ಜನ ಬಂದು ನೋಡಿದರು. ಕಣ್ಣಿದ್ದ ಕರು ಅವರನ್ನೂ ನೋಡಿತು. ಬಾಟಲಿಗಳು ಒಂದೊಂದಾಗಿ ಬೇರೆ ಬೇರೆ ಮನೆಗಳಿಗೆ ಹೋದವು. ಅವುಗಳ ಹಿಂದೆಯೇ ಹಸುಗಳು ಮತ್ತೆ ಸಾಹೇಬನ ಬಳಿ ಬರತೊಡಗಿದವು. ಅವುಗಳಲ್ಲಿ ಹಲವು ಸಾಹೇಬನ ಮಕ್ಕಳೇ. ಹಿಂದೆ ಸುತ್ತಲಿನ ಮನೆಗಳಲ್ಲಿ ಹುಟ್ಟಿ ಈಗ ಕಡಸಾದವು. ಮೊದಲು ಬಂದದ್ದು ದರ್ಜಿಯ ಮನೆಯ ಕಡಸು. ಅಕ್ಕ ಡೇರಿಗೆ ಹೋಗಿದ್ದಾಗ ಭಾವ ಅದನ್ನು ಸಾಹೇಬನ ಬಳಿ ಬಿಟ್ಟು ಕಳಿಸಿಯೂ ಆಗಿತ್ತು. ವಾಪಸು ಬಂದ ಅಕ್ಕನಿಗೆ ಗೊತ್ತಾಗಿದ್ದು, ದರ್ಜಿ ಹಗ್ಗ ಹಿಡಿದು ಖುಷಿಯಿಂದ ಹಾಡು ಗುನುಗುತ್ತ ಎದುರಾದಾಗ.

ಆ ರಾತ್ರಿ ಅವಳು ಊಟ ಮಾಡಲಿಲ್ಲವಂತೆ. ಬೆಳಿಗ್ಗೆ ಡೇರಿಯ ಸಾಲಿನಲ್ಲಿ ಎಂದಿನಂತೆ ಕ್ಯಾನು ಹಿಡಿದು ನಿಂತಳು. ನಾನೂ ಅಲ್ಲಿದ್ದೆ. ಭಾವ ಸಾಲಿನ ಪಕ್ಕದ ಕಟ್ಟೆಯ ಮೇಲೆ ಕೂತು ಉಪದೇಶ ಮಾಡುತ್ತಿದ್ದರು. ಹಾಲು ಅಳೆಯುವವನೂ ಕೈ ನಿಲ್ಲಿಸಿ ಕೇಳುತ್ತಿದ್ದ.

"ನಾಳೆ ನಮ್ಮ ಕಡಸನ್ನೂ ಹೊಡ್ಕೊಂಡು ಬರ್ತೀನಿ ಡಾಕ್ಟ್ರೇ," ಎಂದ ಬೇಕರಿಯವನು. "ಅದೂ ಸಾಹೇಬನ ಮಗಳೇ."

ಅಕ್ಕ ಕ್ಯಾನನ್ನು ನೆಲಕ್ಕಿಟ್ಟಳು.

"ತರಬೇಡಿ ಅಣ್ಣಾ," ಎಂದಳು. "ನಮ್ಮನೆ ಆ ಕರು ಸಾಹೇಬಂದಲ್ಲ."

ಸಾಲು ಒಮ್ಮೆಗೇ ಅವಳ ಕಡೆ ತಿರುಗಿತು. ಭಾವ ನಕ್ಕರು. "ಏನೇ ಇದು, ಬೆಳಿಗ್ಗೆ ಬೆಳಿಗ್ಗೆ..."

"ನೀವು ಊರಲ್ಲಿ ಇರಲಿಲ್ಲ. ನಾನೇ ಆಸ್ಪತ್ರೆಯವರನ್ನ ಕರೆಸಿ ಇಂಜೆಕ್ಷನ್ ಕೊಡಿಸಿದೆ. ಹಗ್ಗ ಹಿಡಿದಿದ್ದು ನನ್ನ ತಮ್ಮ, ಅಲ್ಲೇ ನಿಂತಿದ್ದಾನೆ, ಕೇಳಿ. ಸಾಹೇಬನಿಗೂ ಅವನ ಮಕ್ಕಳಿಗೂ ಹುಟ್ಟಿದ ಮೂರು ಕರು ನಮ್ಮನೇಲಿ ಗೋಡೆ ಹಾಯ್ಕೊಂಡು ಬದುಕ್ತಿವೆ. ಕ್ಯಾರೆಟ್ ಬೇಯಿಸಿದವಳು ನಾನು. ಅದು ಕ್ಯಾರೆಟ್, ಅಷ್ಟೇ."

ಭಾವ ಕಟ್ಟೆಯಿಂದ ಧುಮುಕಿ ನಿಂತರು. ಅವರ ಬಾಯಿಂದ ಹೊರಟ ಮಾತು ಇದು: "ನಾನು ಊರಲ್ಲಿ ಇಲ್ಲದಾಗ, ನನ್ನ ಮನೆ ಹಿಂದೆ, ನನಗೇ ಗೊತ್ತಿಲ್ಲದ ಹಾಗೆ ಬೇರೆಯವನನ್ನ ಕರೆಸಿದ್ಯಾ!"

ಆಗಷ್ಟೇ ಸಾಲಿನ ತುದಿಗೆ ಬಂದು ಸೇರಿದವರಿಗೆ ಹಿಂದುಮುಂದು ಗೊತ್ತಿರಲಿಲ್ಲ. ಅವರಲ್ಲೊಬ್ಬಳು "ಅಯ್ಯಯ್ಯೋ!" ಎಂದು ಬಾಯಿಗೆ ಕೈ ಇಟ್ಟುಕೊಂಡಳು. ಯಾರೋ ಕಿಸಕ್ಕೆಂದರು. ಆಮೇಲೆ ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಬೇಕರಿಯವನು ನಗಲಿಲ್ಲ. ಖಾಲಿ ಕ್ಯಾನು ಎತ್ತಿಕೊಂಡು, ಯೋಚಿಸುತ್ತ ಮನೆಗೆ ಹೋದ. ಅವನ ಕಡಸು ಸಾಹೇಬನ ಬಳಿ ಬರಲಿಲ್ಲ.

ಭಾವ ಅಕ್ಕನ ಜೊತೆ ಮಾತು ಬಿಟ್ಟರು. ಅದನ್ನು ಅವರು ಶಿಕ್ಷೆ ಎಂದುಕೊಂಡಿದ್ದರು. ಮನೆಯಲ್ಲಿ ಇಷ್ಟು ನೆಮ್ಮದಿ ಹಿಂದೆಂದೂ ಇರಲಿಲ್ಲ ಎಂದು ಅಕ್ಕ ನನ್ನ ಹತ್ತಿರ ಹೇಳಿದಳು. ನನ್ನ ಅಂಗಡಿಗೆ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ, ಏನೂ ಆಗೇ ಇಲ್ಲವೆಂಬ ಮುಖ ಹೊತ್ತು ವಾಪಸು ಬಂದರು. ನಾನೂ ಅದೇ ಮುಖದಲ್ಲಿ ತೂಗಿ ಕೊಟ್ಟೆ.

ಆದರೆ ದರ್ಜಿಯ ಕಡಸು ಗಬ್ಬವಾಗಿಬಿಟ್ಟಿತ್ತು. ಹುಟ್ಟುವುದು ಹೇಗೋ ಏನೋ, ಚೆನ್ನಾಗಿಯೂ ಹುಟ್ಟಬಹುದು ಎಂದಿದ್ದರು ಡಾಕ್ಟರಮ್ಮ. ಆ ಮನೆಗಿದ್ದದ್ದು ಅದೊಂದೇ ದನ. ದರ್ಜಿಯ ಹೆಂಡತಿ ಡಾಕ್ಟರಮ್ಮ ಹೇಳಿದ್ದನ್ನೂ ಮಾಡಿದಳು, ಭಾವನ ಬಾಟಲಿಯನ್ನೂ ಕುಡಿಸಿದಳು. ಪಾಪ, ಯಾರನ್ನು ನಂಬಬೇಕು ಯಾರನ್ನು ಬಿಡಬೇಕು ಎಂದು ಅವಳಿಗಾದರೂ ಹೇಗೆ ಗೊತ್ತಾಗಬೇಕು.

ಒಂದು ಬೆಳಿಗ್ಗೆ ದರ್ಜಿ ಕರುವನ್ನು ಎದೆಗವಚಿಕೊಂಡು ಬಂದು ಭಾವನ ಅಂಗಳದಲ್ಲಿ ಇಳಿಸಿದ. ಇಳಿಸಿ ದೂರ ನಿಂತ. ಕರು ತಡವರಿಸುತ್ತ ನಡೆದು, ಭಾವ ಕೂತಿದ್ದ ಕುರ್ಚಿಯ ಕಾಲಿಗೆ ಹಾಯ್ದು, ಹಿಂದೆ ಸರಿದು, ಮತ್ತೆ ಹಾಯ್ದಿತು.

ಭಾವ ಕಾಲು ಮೇಲೆತ್ತಿಕೊಂಡರು. "ಹಸಿಮೇವು ಹಾಕಿದ್ಯಾ?"

"ಹಾಕಿದ್ದೀನಿ."

"ದಿನಾ?"

"ದಿನಾ ಹಾಕಿದ್ದೀನಿ. ನಿಮ್ಮ ಬಾಟಲೀನೂ ಕುಡಿಸಿದ್ದೀನಿ. ಇನ್ನೇನಾದ್ರೂ ಇದ್ರೆ ಹೇಳಿ ಡಾಕ್ಟ್ರೇ, ಅದನ್ನೂ ಮಾಡ್ತೀನಿ."

ಅವನ ದನಿಯಲ್ಲಿ ಕುಹಕವಿರಲಿಲ್ಲ. ಅವನು ನಿಜವಾಗಿಯೂ ಕೇಳುತ್ತಿದ್ದ. ನೂರಾರು ರೋಗಗಳ ಹೆಸರು ಬಲ್ಲ ನನ್ನ ಭಾವನಿಗೆ ಆವತ್ತು ಒಂದೂ ನೆನಪಾಗಲಿಲ್ಲ.

ಅಕ್ಕ ಒಳಗಿನಿಂದ ಬಂದಳು. ಅಂಗಳದಲ್ಲಿದ್ದ ಕರುವನ್ನು ನೋಡಿದಳು, ದರ್ಜಿಯನ್ನು ನೋಡಿದಳು. ಕೊಟ್ಟಿಗೆಗೆ ಹೋಗಿ ಆ ಕಣ್ಣಿದ್ದ ಕರುವಿನ ಹಗ್ಗ ಬಿಚ್ಚಿದಳು. ಅಷ್ಟು ಹೊತ್ತಿಗೆ ಅದು ಹುಲ್ಲು ಮೇಯುವಷ್ಟು ದೊಡ್ಡದಾಗಿತ್ತು. ಹಗ್ಗವನ್ನು ತಂದು ದರ್ಜಿಯ ಕೈಗಿತ್ತಳು.

"ಇದನ್ನ ಹೊಡ್ಕೊಂಡು ಹೋಗಪ್ಪ. ನಿನ್ನ ಕರು ಹಾಲು ಬಿಡೋವರೆಗೂ ತಾಯಿ ಹತ್ರಾನೇ ಇರಲಿ. ಆಮೇಲೆ ಇಲ್ಲಿಗೆ ತಂದು ಬಿಡು, ನಾನು ಸಾಕ್ಕೊಳ್ತೀನಿ."

"ಏ! ಏ! ಅದು ನಮ್ಮನೇ ಬೆಸ್ಟ್ ಕರು!" ಭಾವ ಮಾತು ಬಿಟ್ಟದ್ದನ್ನು ಮರೆತು ಕೂಗಿದರು.

"ಹೌದು," ಎಂದಳು ಅಕ್ಕ. "ಅದಕ್ಕೇ ಕೊಟ್ಟಿದ್ದು."

ದರ್ಜಿ ಅಕ್ಕನಿಗೆ ಕೈ ಮುಗಿದ. ಕುರುಡು ಕರುವನ್ನು ಮತ್ತೆ ಎತ್ತಿಕೊಂಡು, ಕಣ್ಣಿದ್ದದ್ದನ್ನು ಹಗ್ಗದಲ್ಲಿ ನಡೆಸಿಕೊಂಡು ಹೋದ. ಅವನು ಗೇಟು ದಾಟುವ ಮೊದಲೇ ಅಕ್ಕ ಆಸ್ಪತ್ರೆಗೆ ಫೋನ್ ಹಚ್ಚಿದ್ದಳು. ಮಧ್ಯಾಹ್ನ ಡಾಕ್ಟರಮ್ಮ ಬಂದು ಸಾಹೇಬನ ಬೀಜ ಒಡೆದು ಹೋದರು. ಭಾವ ಒಳಗಿನ ಕೋಣೆಯಲ್ಲಿ ರೇಡಿಯೋ ಜೋರಾಗಿ ಹಾಕಿಕೊಂಡು ಕೂತಿದ್ದರು. ಹೊರಗೆ ಬರಲಿಲ್ಲ, ಬೇಡವೆಂದೂ ಅನ್ನಲಿಲ್ಲ. ನಾನು ಅವರಲ್ಲಿ ಕಂಡ ಅತಿ ದೊಡ್ಡ ಒಪ್ಪಿಗೆ ಅದು.

ಕುರುಡು ಕರುಗಳು ಅಕ್ಕನ ಕೈಯಲ್ಲಿ ಬೆಳೆದವು. ಗೋದಲಿ ಎಲ್ಲಿ, ನೀರು ಎಲ್ಲಿ ಎಂದು ಕೆಲವೇ ವಾರಗಳಲ್ಲಿ ಕಲಿತವು. ಅವು ಎಡವದಂತೆ ಅವಳು ಒಂದು ಬಕೆಟ್ಟನ್ನೂ ಅದರ ಜಾಗದಿಂದ ಸರಿಸುವುದಿಲ್ಲ. ಅವಳ ಹೆಜ್ಜೆ ಸದ್ದಿಗೆ ಕಿವಿ ನಿಮಿರಿಸಿ ತಿರುಗುತ್ತವೆ. ಈಗ ಕೊಟ್ಟಿಗೆಯ ಎಲ್ಲ ಹಸುಗಳಿಗೂ ಇಂಜೆಕ್ಷನ್ನೇ. ಆಮೇಲೆ ಹುಟ್ಟಿದ ಕರುಗಳಲ್ಲಿ ಒಂದಕ್ಕೂ ಪೊರೆ ಬಂದಿಲ್ಲ.

ಭಾವ ಬುದ್ಧಿ ಕಲಿತರು ಎಂದು ಬರೆಯಲು ನನಗೂ ಆಸೆ. ಆದರೆ ನಡೆದದ್ದನ್ನೇ ಹೇಳಬೇಕು.

ಮೊನ್ನೆ ಹಾಲು ಸಂಘದವರು ಹೈನುಗಾರರ ಸಭೆ ಕರೆದಿದ್ದರು. ದೊಡ್ಡ ಸಭಾಂಗಣ, ಮೈಕು, ಮುಂದಿನ ಸಾಲಿನಲ್ಲಿ ಡಾಕ್ಟರಮ್ಮ. ಕರುಗಳ ಹುಟ್ಟುಕುರುಡಿನ ಬಗ್ಗೆ ಅವರು ಸರಳವಾಗಿ, ಸ್ಪಷ್ಟವಾಗಿ ಮಾತಾಡಿದರು. ಜನ ಆಕಳಿಸುತ್ತ ಕೇಳಿದರು. ಅನುಭವವಿದ್ದವರು ಯಾರಾದರೂ ಮಾತಾಡಿ ಎಂದು ಅವರು ಅಕ್ಕನ ಕಡೆ ನೋಡಿದರು. ಅಕ್ಕ ಸೆರಗು ಸರಿಮಾಡಿಕೊಂಡು ಏಳುವಷ್ಟರಲ್ಲಿ ಭಾವ ವೇದಿಕೆ ಏರಿ ಮೈಕು ಹಿಡಿದಿದ್ದರು.

"ನಮ್ಮ ಕೊಟ್ಟಿಗೆಯಲ್ಲಿ ಮೊದಲ ಕುರುಡು ಕರು ಹುಟ್ಟಿದಾಗಲೇ ನನಗೆ ವಂಶದ ಮೇಲೆ ಅನುಮಾನ ಬಂತು," ಎಂದು ಶುರುಮಾಡಿದರು. "ಜನ ಮೇವು ಅಂದ್ರು. ವೆಲ್ಡಿಂಗ್ ಬೆಳಕು ಅಂದ್ರು. ತಿಳುವಳಿಕೆ ಇಲ್ಲದ ಜನ! ನಾನು ಒಪ್ಪಲಿಲ್ಲ. ಪರೀಕ್ಷೆ ಮಾಡಿಸಿದೆ. ಬೇರೆ ವಂಶದ ಬೀಜ ಕೊಡಿಸಿ ನೋಡಿದೆ..."

ವೆಲ್ಡಿಂಗಿನವನೂ ಸಭೆಯಲ್ಲಿದ್ದ, ಎರಡು ಆಡು ಸಾಕಿದ್ದಾನೆ. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಸಭೆ ಮಾತ್ರ ಎಚ್ಚರವಾಗಿ ಕೂತು ಕೇಳುತ್ತಿತ್ತು. ಓದಿ ಬಂದ ಹುಡುಗಿ ಹೇಳಿದಾಗ ಆಕಳಿಸಿದ ಜನ, ಅದೇ ಮಾತನ್ನು ಇವರು ಕೈ ಬೀಸಿ ಕೂಗಿ ಹೇಳಿದಾಗ ತಲೆದೂಗಿದರು. ಅಪ್ಪನನ್ನು ಮಗಳಿಗೆ ಬಿಡಬೇಡಿ ಎಂದಾಗ ಚಪ್ಪಾಳೆಯೂ ಬಿತ್ತು.

"ಅಕ್ಕಾ, ಎದ್ದು ಹೇಳೇ!" ಎಂದೆ.

"ಏನಂತ?"

"ಇವರು ಮಾಡಿದ್ದು ಒಂದೂ ಅಲ್ಲ ಅಂತ."

"ಮಾಡಿಲ್ಲ. ಆದರೆ ಹೇಳ್ತಿರೋದು ಸರಿ ಇದೆಯಲ್ಲೋ. ನೋಡು, ಬೇಕರಿಯವನ ಅಣ್ಣ ಬರ್ಕೊಳ್ತಿದ್ದಾನೆ. ಅವನ ಮನೇಲೂ ಒಂದು ಹೋರಿ ಇದೆ."

"ನಿನಗೆ ಸಿಟ್ಟು ಬರಲ್ವಾ?"

"ಬರದೇ ಏನು. ಮನೆಗೆ ಬರಲಿ, ಹೇಳ್ತೀನಿ." ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡಳು. "ಬಸ್ಸು ಹೋಗಿಬಿಡುತ್ತೆ ಕಣೋ, ಹಾಲು ಕರೆಯೋ ಹೊತ್ತಾಯ್ತು."

ಅವಳು ಹೋದಳು. ಡಾಕ್ಟರಮ್ಮನೂ ಅವಳ ಹಿಂದೆಯೇ ಎದ್ದು ಹೋಗಿ, ಬಾಗಿಲ ಹೊರಗೆ ಅವಳ ಕೈ ಹಿಡಿದು ಏನೋ ಹೇಳಿ ನಕ್ಕಿದ್ದು ಕಿಟಕಿಯಿಂದ ಕಾಣಿಸಿತು. ನಾನು ಚಪ್ಪಾಳೆ ಹೊಡೆಯಬಾರದೆಂದು ಎರಡೂ ಕೈಯನ್ನು ಜೇಬಿಗೆ ತುರುಕಿಕೊಂಡು ಕೂತೆ. ವೇದಿಕೆಯಿಂದ ಭಾ‌ವ ಇನ್ನೂ ಇಳಿದಿರಲಿಲ್ಲ. ಹಿಂದಿನ ಸಾಲಿನಿಂದ ಯಾರೋ ತಮ್ಮ ಆಡು ಕುಂಟುತ್ತಿದೆ, ಏನು ಮಾಡಬೇಕು ಎಂದು ಕೇಳಿದ್ದರು. ಭಾವ ಆ ಆಡನ್ನು ನೋಡಿರಲಿಲ್ಲ, ಯಾವ ಕಾಲು ಎಂದೂ ಕೇಳಲಿಲ್ಲ. ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದುಕೊಂಡು ಉತ್ತರ ಹೇಳತೊಡಗಿದ್ದರು.